ಲಾರಿಗೆ ಎಲ್‌ಇಡಿ ಹೆಡ್‌ಲೈಟ್: ಬಲ್ಬ್ ಬಿಚ್ಚುವ ಮೊದಲು ಮೀಟರ್ ಹಿಡಿಯಿರಿ

ಜೂನ್ ಹತ್ತಿರ ಬಂತೆಂದರೆ ಕಾಸರಗೋಡು ಕಡೆಯ ವಯರಿಂಗ್ ಅಂಗಡಿಗಳಲ್ಲಿ ಒಂದೇ ಬೇಡಿಕೆ. “ಲೈಟಿಗೆ ಎಂತದೂ ಕಾಣುವುದಿಲ್ಲ ಮಾರಾಯ್ರೇ, ಒಂದು ಎಲ್‌ಇಡಿ ಹಾಕಿ ಕೊಡಿ.” ಕೇಳುವವರು ಮುರಕಲ್ಲು ಹೇರುವ ಟಿಪ್ಪರಿನವರು, ಮೀನಿನ ಲಾರಿಯವರು, ಅಡಿಕೆ ಮೂಟೆ ಹಾಕಿಕೊಂಡು ಮಂಗಳೂರಿಗೆ ಹೋಗುವ ಪಿಕಪ್ಪಿನವರು. ದೂರು ಸುಳ್ಳಲ್ಲ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೇಲೆ ಮಳೆ ಬೀಳುವ ಜಿಲ್ಲೆ ಇದು. ಚೆರ್ಕಳದಿಂದ ಮುಳ್ಳೇರಿಯ, ಆದೂರು ದಾಟಿ ಜಾಲ್ಸೂರಿಗೆ ಹೋಗುವ ದಾರಿಯಲ್ಲಿ ಜೋರು ಮಳೆಯ ಆಟಿ ತಿಂಗಳ ರಾತ್ರಿ ಗಾಡಿ ಓಡಿಸಿದವರಿಗೆ ಇದು ಗೊತ್ತು: ಒದ್ದೆ ಡಾಂಬರು ಬಿದ್ದ ಬೆಳಕನ್ನು ನಮ್ಮ ಕಡೆಗೆ ಹಿಂದಿರುಗಿಸುವುದಿಲ್ಲ, ಮುಂದಕ್ಕೇ ಜಾರಿಸುತ್ತದೆ. ನಮಗೆ ಕತ್ತಲು, ಎದುರಿನವನ ಕಣ್ಣಿಗೆ ಝಳ.

ಆದರೆ ಲೈಟ್ ಮಂದವಾಗಲಿಕ್ಕೆ ಬಲ್ಬೇ ಕಾರಣ ಎಂದು ಮೊದಲೇ ತೀರ್ಮಾನ ಮಾಡಿಬಿಟ್ಟರೆ ಕೆಲಸ ಕೆಟ್ಟಿತು. ಹಳೆ ಲಾರಿಗಳಲ್ಲಿ ಬಹಳಷ್ಟು ಸಲ ಬಲ್ಬಿಗೆ ಬರಬೇಕಾದ ವೋಲ್ಟೇಜೇ ಬರುತ್ತಿರುವುದಿಲ್ಲ. ಬಂದರೂ ಬೆಳಕು ಬೀಳಬೇಕಾದ ಕಡೆ ಬೀಳುತ್ತಿರುವುದಿಲ್ಲ. ಈ ಎರಡನ್ನೂ ಸರಿಮಾಡದೆ ಎಲ್‌ಇಡಿ ಹಾಕಿದರೆ ಬೆಳಕು ಹೆಚ್ಚಾದಂತೆ ಕಾಣುತ್ತದೆ, ರಸ್ತೆ ಮಾತ್ರ ಕಾಣುವುದಿಲ್ಲ. ಹಾಗಾಗಿ ಈ ಬರಹದಲ್ಲಿ ಎಲ್‌ಇಡಿಯ ಸರದಿ ಬರುವುದು ಸ್ವಲ್ಪ ತಡವಾಗಿ.

ಕಾನೂನಿನ ಮಾತು ಮೊದಲೇ ಮುಗಿಸೋಣ

ಹ್ಯಾಲೊಜನ್ ಬಲ್ಬಿಗೆಂದು (ಒಳಗಿನ ಸುರುಳಿ ಕಾದು ಉರಿಯುವ ಮಾಮೂಲಿ ಬಲ್ಬ್) ಅನುಮೋದನೆ ಪಡೆದ ಡೂಮಿಗೆ, ಅಂದರೆ ರಿಫ್ಲೆಕ್ಟರ್, ಗ್ಲಾಸ್ ಸೇರಿದ ಹೆಡ್‌ಲೈಟಿನ ಗೂಡಿಗೆ, ಎಲ್‌ಇಡಿ ಬಲ್ಬ್ ಹಾಕುವುದನ್ನು ಮೋಟಾರು ವಾಹನ ಇಲಾಖೆ ಅನಧಿಕೃತ ಬದಲಾವಣೆ ಎಂದೇ ನೋಡುತ್ತದೆ. ತಯಾರಕರು ಕೊಟ್ಟ ವಿವರಕ್ಕೆ ವ್ಯತ್ಯಾಸ ಬರುವಂತೆ ಗಾಡಿಯನ್ನು ಬದಲಿಸಬಾರದು ಎನ್ನುವುದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ಇದನ್ನು ಇನ್ನಷ್ಟು ಬಿಗಿ ಮಾಡಿತು. ಆ ಪ್ರಕರಣ ಹೋದದ್ದೂ ಕೇರಳದಿಂದಲೇ. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್ ಪ್ರಕಾರ ಗಾಡಿಯ ಮಾಲಕನಿಗೆ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. 2022ರ ಅಕ್ಟೋಬರಿನಲ್ಲಿ ಪಾಲಕ್ಕಾಡು ಜಿಲ್ಲೆಯ ವಡಕ್ಕಂಚೇರಿಯಲ್ಲಿ ಶಾಲಾ ಮಕ್ಕಳ ಪ್ರವಾಸದ ಬಸ್ ಅಪಘಾತಕ್ಕೀಡಾದ ಮೇಲೆ ಕೇರಳದಲ್ಲಿ ಗಾಡಿಗಳ ಲೈಟಿನ ತಪಾಸಣೆ ಮೊದಲಿನ ಹಾಗಿಲ್ಲ. ಗಡಿಯ ತಲಪಾಡಿ ದಾಟಿದರೆ ಕರ್ನಾಟಕದ ಪೊಲೀಸರು. ಕಾಯ್ದೆ ಎರಡೂ ಕಡೆ ಒಂದೇ.

ಹಾಗಾಗಿ ರಸ್ತೆಗಿಳಿಯುವ ಗಾಡಿಗೆ ನೇರ ದಾರಿ ಎರಡೇ. ಒಂದು, ಇರುವ ಹ್ಯಾಲೊಜನ್ನಿಗೇ ಸರಿಯಾದ ವೋಲ್ಟೇಜ್ ಕೊಟ್ಟು, ಬೀಮ್ ಸರಿಮಾಡಿಕೊಳ್ಳುವುದು. ಇನ್ನೊಂದು, ನಿಮ್ಮ ಮಾಡೆಲಿನ ಮೇಲಿನ ವೇರಿಯಂಟಿಗೆ ಕಂಪೆನಿಯೇ ಎಲ್‌ಇಡಿ ಹೆಡ್‌ಲೈಟ್ ಕೊಟ್ಟಿದ್ದರೆ ಆ ಇಡೀ ಡೂಮನ್ನೇ ತರಿಸಿ ಹಾಕುವುದು. ಎರಡನೆಯದಕ್ಕೆ ಕೈಹಾಕುವ ಮೊದಲು ಆರ್‌ಟಿಒ ಕಚೇರಿಯಲ್ಲಿ ಕೇಳಿಕೊಂಡು, ಬಿಲ್ಲನ್ನು ಗಾಡಿಯ ಪುಸ್ತಕದ ಜೊತೆಗೇ ಇಟ್ಟುಕೊಳ್ಳಿ.

ಬಲ್ಬ್ ಮಾತ್ರ ಬದಲಿಸುವ ಕ್ರಮವನ್ನೂ ಇಲ್ಲಿ ಬರೆಯುತ್ತಿದ್ದೇನೆ. ಕಲ್ಲುಕೋರೆಯ ಒಳಗೆ, ತೋಟದ ಒಳಗೆ ಮಾತ್ರ ಓಡುವ ಗಾಡಿಗಳು ಉಂಟು. ರಸ್ತೆಯಲ್ಲಿ ಓಡಿಸುವವರೂ ಹಾಕಿಸುತ್ತಲೇ ಇದ್ದಾರೆ, ಅದರಲ್ಲಿ ಹೆಚ್ಚಿನವರು ಹಾಕಿಸುವುದು ತಪ್ಪಾಗಿ. ಅಂಥವರು ದಂಡದ ಲೆಕ್ಕ ತಲೆಯಲ್ಲಿಟ್ಟುಕೊಂಡೇ ಮುಂದೆ ಓದಲಿ.

ಗಾಡಿ ಎಷ್ಟು ವೋಲ್ಟಿನದ್ದು?

ಬ್ಯಾಟರಿ ಪೆಟ್ಟಿಗೆ ತೆರೆದು ನೋಡಿ. ದೊಡ್ಡ ಲಾರಿ, ಟಿಪ್ಪರುಗಳಲ್ಲಿ 12 ವೋಲ್ಟಿನ ಎರಡು ಬ್ಯಾಟರಿ ಸೀರೀಸಿನಲ್ಲಿ ಇರುತ್ತವೆ. ಅದು 24 ವೋಲ್ಟಿನ ಗಾಡಿ. ಏಸ್, ಬೊಲೆರೊ ಪಿಕಪ್, ದೋಸ್ತ್ ಮೊದಲಾದ ಸಣ್ಣವು 12 ವೋಲ್ಟಿನವು. ನಡುವಿನ ಗಾತ್ರದವುಗಳಲ್ಲಿ ಎರಡೂ ಇರುವುದರಿಂದ ಅಂದಾಜಿನ ಮೇಲೆ ಹೋಗಬೇಡಿ. ಬಲ್ಬಿನ ಬುಡದಲ್ಲಿ ಬರೆದಿರುತ್ತದೆ: ಡಿಮ್, ಬ್ರೈಟ್ ಎರಡೂ ಒಂದರಲ್ಲೇ ಇರುವ ಎಚ್4 ಬಲ್ಬ್ ಆದರೆ 12 ವೋಲ್ಟಿಗೆ 60/55 ವ್ಯಾಟ್, 24 ವೋಲ್ಟಿಗೆ 75/70 ವ್ಯಾಟ್. ಮೊದಲ ಅಂಕಿ ಬ್ರೈಟಿನದ್ದು, ಎರಡನೆಯದು ಡಿಮ್ಮಿನದ್ದು.

ಇಲ್ಲೇ ಒಂದು ಕೆಟ್ಟ ಅಭ್ಯಾಸದ ಬಗ್ಗೆ ಹೇಳಿಬಿಡುತ್ತೇನೆ. 24 ವೋಲ್ಟಿನ ಗಾಡಿಗೆ 12 ವೋಲ್ಟಿನ ಎಲ್‌ಇಡಿ ತಂದು, ಎರಡು ಬ್ಯಾಟರಿಯಲ್ಲಿ ಒಂದರಿಂದ ಮಾತ್ರ ಕನೆಕ್ಷನ್ ಎಳೆಯುವವರಿದ್ದಾರೆ. ಸ್ಟೀರಿಯೋಗೂ ಹೀಗೆಯೇ ಮಾಡುತ್ತಾರೆ. ಆ ಬ್ಯಾಟರಿ ದಿನಾ ಅರೆಹೊಟ್ಟೆಯಲ್ಲಿರುತ್ತದೆ, ಪಕ್ಕದ್ದು ಮಿತಿಮೀರಿ ಚಾರ್ಜಾಗಿ ನೀರು ಕುದಿಸುತ್ತದೆ. ಎರಡೂ ಬೇಗ ಹೋಗುತ್ತವೆ. ಲಾಭ ಬ್ಯಾಟರಿ ಅಂಗಡಿಯವನಿಗೆ.

ಬಲ್ಬ್ ಉರಿಯುತ್ತಿರುವಾಗಲೇ ಅಳೆಯಬೇಕು

ಬೇಕಾದ್ದು ಒಂದು ಮಾಮೂಲಿ ಡಿಜಿಟಲ್ ಮೀಟರ್ ಮತ್ತು ಬ್ಯಾಟರಿಯಿಂದ ಹೆಡ್‌ಲೈಟಿನವರೆಗೆ ಮುಟ್ಟುವಷ್ಟು ಉದ್ದದ ಒಂದು ತುಂಡು ವಯರ್. ಎಂಜಿನ್ ಸ್ಟಾರ್ಟ್ ಮಾಡಿ, ಡಿಮ್ ಹಾಕಿ. ಹೋಲ್ಡರನ್ನು ಬಲ್ಬಿನಿಂದ ಕೀಳಬೇಡಿ. ಕಿತ್ತಿಟ್ಟ ಹೋಲ್ಡರಿನಲ್ಲಿ ಅಳೆದರೆ ಒಳಗೆಲ್ಲ ಕಿಲುಬು ಹಿಡಿದ ವಯರು ಕೂಡ ಪೂರ್ತಿ ವೋಲ್ಟೇಜ್ ತೋರಿಸುತ್ತದೆ. ಕರೆಂಟ್ ಹರಿಯುವಾಗ ಮಾತ್ರ ಅದರ ಬಣ್ಣ ಬಯಲಾಗುತ್ತದೆ.

ಮೀಟರಿನ ಕೆಂಪು ಮೊನೆಯನ್ನು ಬ್ಯಾಟರಿಯ ಪ್ಲಸ್ಸಿಗೆ, ಕಪ್ಪು ಮೊನೆಯನ್ನು ಹೋಲ್ಡರಿನ ಹಿಂದಿನಿಂದ ತೂರಿಸಿ ಡಿಮ್ಮಿನ ಪಿನ್ನಿಗೆ ಮುಟ್ಟಿಸಿ. ಎಚ್4 ಹೋಲ್ಡರಿನಲ್ಲಿ ಅಡ್ಡ ಮಲಗಿದ ಪಿನ್ ಡಿಮ್ಮಿನದ್ದು. ನೆಟ್ಟಗೆ ನಿಂತ ಎರಡರಲ್ಲಿ ಒಂದು ಬ್ರೈಟ್, ಇನ್ನೊಂದು ಎರಡಕ್ಕೂ ಸೇರಿದ ಕಾಮನ್. ಮೀಟರ್ ಈಗ ತೋರಿಸುವುದು ದಾರಿಯಲ್ಲಿ ಕಳೆದುಹೋದ ವೋಲ್ಟೇಜನ್ನು. 12 ವೋಲ್ಟಿನ ಗಾಡಿಯಲ್ಲಿ ಇದು ಅರ್ಧ ವೋಲ್ಟ್, 24 ವೋಲ್ಟಿನದ್ದರಲ್ಲಿ ಒಂದು ವೋಲ್ಟ್ ದಾಟಬಾರದು. ಆಮೇಲೆ ಆರ್ಥ್ ಕಡೆ, ಅಂದರೆ ಕರೆಂಟ್ ಬ್ಯಾಟರಿಗೆ ಮರಳುವ ದಾರಿ: ಒಂದು ಮೊನೆ ಕಾಮನ್ ಪಿನ್ನಿಗೆ, ಇನ್ನೊಂದು ಬ್ಯಾಟರಿಯ ಮೈನಸ್ಸಿಗೆ. ಅಲ್ಲಿ ಇನ್ನೂ ಕಡಿಮೆ ಇರಬೇಕು.

ಇಷ್ಟು ಸಣ್ಣ ಅಂಕಿಗೆ ಇಷ್ಟೊಂದು ಮಾತು ಏಕೆಂದರೆ, ಹ್ಯಾಲೊಜನ್ನಿನ ಬೆಳಕು ವೋಲ್ಟೇಜಿನಷ್ಟೇ ನಿಧಾನವಾಗಿ ಇಳಿಯುವುದಿಲ್ಲ. ವೋಲ್ಟೇಜ್ ನೂರಕ್ಕೆ ಹತ್ತು ಇಳಿದರೆ ಬೆಳಕು ನೂರಕ್ಕೆ ಸುಮಾರು ಮೂವತ್ತು ಇಳಿಯುತ್ತದೆ. ಇಪ್ಪತ್ತು ಇಳಿದರೆ ಅರ್ಧಕ್ಕಿಂತ ಹೆಚ್ಚು ಬೆಳಕು ಮಾಯ. ಎಂಜಿನ್ ಓಡುವಾಗ 24 ವೋಲ್ಟಿನ ಗಾಡಿಯಲ್ಲಿ 28ರ ಆಸುಪಾಸು ಇರುತ್ತದೆ. ಬಲ್ಬಿನ ಹತ್ತಿರ 25 ಸಿಕ್ಕಿತೆಂದರೆ ನಿಮ್ಮ ಬೆಳಕಿನ ಮೂರನೇ ಒಂದು ಪಾಲು ವಯರಿನಲ್ಲೇ ಉಳಿಯಿತು. ಹೆಡ್‌ಲೈಟಿನ ಕರೆಂಟೆಲ್ಲ ಸ್ಟೇರಿಂಗ್ ಬುಡದ ಸ್ವಿಚ್ಚಿನ ಮೂಲಕವೇ ಹಾದುಹೋಗುವ ಹಳೆ ಗಾಡಿಗಳಲ್ಲಿ ಇದು ಅಪರೂಪವೇನಲ್ಲ.

ಹುಡುಕುವುದಾದರೆ ಆರ್ಥಿನಿಂದ ಶುರು ಮಾಡಿ. ಕುಂಬಳೆ, ಉಪ್ಪಳ, ಮಂಜೇಶ್ವರದ ಕಡಲ ಬದಿಯಲ್ಲಿ ಓಡುವ ಗಾಡಿಗಳಿಗೆ ಉಪ್ಪಿನ ಗಾಳಿ ಒಂದು ಕಡೆ. ಮೀನಿನ ಲಾರಿಯಾದರೆ ಐಸ್ ಕರಗಿದ ಉಪ್ಪುನೀರು ದಿನಾ ಚಾಸಿ ಮೇಲೆ ಸುರಿಯುತ್ತಿರುತ್ತದೆ. ಹೆಡ್‌ಲೈಟಿನ ಆರ್ಥ್ ಬೋಲ್ಟ್ ಬಿಚ್ಚಿ ನೋಡಿ. ಹೊರಗಿನಿಂದ ಗಟ್ಟಿಯಾಗಿ ಕೂತ ಹಾಗೆಯೇ ಇರುತ್ತದೆ. ರಿಂಗನ್ನು ಎತ್ತಿದಾಗ ಕೆಳಗೆ ಹಸಿರು ಪುಡಿ, ಅದರ ಕೆಳಗೆ ತುಕ್ಕಿನ ಹಪ್ಪಳಿಕೆ, ಅದರ ಕೆಳಗೆ ಯಾವ ಕಾಲದ್ದೋ ಪೈಂಟು. ಕರೆಂಟ್ ಇಷ್ಟನ್ನೂ ತೂರಿಕೊಂಡು ಹೋಗಬೇಕು. ಉಜ್ಜುಕಾಗದದಲ್ಲಿ ಬಿಳಿ ಲೋಹ ಕಾಣುವವರೆಗೆ ಉಜ್ಜಿ, ಹೊಸ ರಿಂಗ್ ಹಾಕಿ, ಹಲ್ಲಿನ ವಾಷರ್ ಕೊಟ್ಟು ಬಿಗಿದು, ಮೇಲಿನಿಂದ ಗ್ರೀಸ್ ಹಚ್ಚಿ. ಇಷ್ಟಕ್ಕೇ ಲೈಟ್ ಎದ್ದು ಬಂದ ಗಾಡಿಗಳು ಎಷ್ಟೋ.

ಆರ್ಥ್ ಸರಿಯಾದ ಮೇಲೂ ಪ್ಲಸ್ ಕಡೆಯ ನಷ್ಟ ಉಳಿದರೆ ರಿಲೇ ಹಾಕಬೇಕು. ಸಣ್ಣ ಕರೆಂಟಿನ ಸಿಗ್ನಲಿನಿಂದ ದೊಡ್ಡ ಕರೆಂಟನ್ನು ಹಾಕಿ ತೆಗೆಯುವ ಸ್ವಿಚ್ ಅದು. ಡಿಮ್ಮಿಗೊಂದು, ಬ್ರೈಟಿಗೊಂದು. ಬ್ಯಾಟರಿಯಿಂದ ಫ್ಯೂಸ್ ದಾಟಿ ಬರುವ 2.5 ಚದರ ಮಿಲಿಮೀಟರಿನ ತಾಮ್ರದ ವಯರ್ ರಿಲೇಯ 30 ನಂಬರಿನ ಪಿನ್ನಿಗೆ. 87ರಿಂದ ಬಲ್ಬಿಗೆ. ಹಳೆ ಹೋಲ್ಡರಿನಿಂದ ಬರುವ ಸಿಗ್ನಲ್ 86ಕ್ಕೆ, 85 ಆರ್ಥಿಗೆ. ಫ್ಯೂಸ್ ಬ್ಯಾಟರಿಗೆ ಎಷ್ಟು ಹತ್ತಿರವಿದ್ದರೆ ಅಷ್ಟು ಒಳ್ಳೆಯದು. ಬ್ಯಾಟರಿಗೂ ಫ್ಯೂಸಿಗೂ ನಡುವಿನ ವಯರ್ ಚಾಸಿಗೆ ತಾಗಿ ಸವೆದರೆ ಅದಕ್ಕೆ ಕಾವಲು ಯಾರೂ ಇಲ್ಲ. 24 ವೋಲ್ಟಿನ ಗಾಡಿಗೆ 24 ವೋಲ್ಟಿನ ರಿಲೇಯನ್ನೇ ಕೇಳಿ ತನ್ನಿ. 12ರದ್ದು ನೋಡಲು ಅದರ ಹಾಗೆಯೇ ಇದ್ದರೂ ಕಾಯಿಲ್ ಸುಟ್ಟುಹೋಗುತ್ತದೆ. ಈಚಿನ ಬಿಎಸ್6 (ಹೊಸ ಹೊಗೆ ನಿಯಮದ) ಗಾಡಿಗಳಲ್ಲಿ ಲೈಟನ್ನು ಎಲೆಕ್ಟ್ರಾನಿಕ್ ಕಂಟ್ರೋಲ್ ಯೂನಿಟ್ಟೇ ನೋಡಿಕೊಳ್ಳುವುದರಿಂದ ಅಲ್ಲಿ ಹೀಗೆ ಕತ್ತರಿ ಹಾಕಬಾರದು.

ಇಷ್ಟಾದ ಮೇಲೆ ಒಳ್ಳೆ ಕಂಪೆನಿಯ ಹೊಸ ಹ್ಯಾಲೊಜನ್ ಜೋಡಿ ಹಾಕಿ ಒಂದು ರಾತ್ರಿ ಓಡಿಸಿ ನೋಡಿ. ಹಾಕುವಾಗ ಗಾಜನ್ನು ಬರಿಗೈಯಲ್ಲಿ ಮುಟ್ಟಬೇಡಿ. ಬೆರಳಿನ ಎಣ್ಣೆಯಂಶ ಬಿಸಿಯಾಗಿ ಗಾಜು ಅಲ್ಲೇ ಸೋಲುತ್ತದೆ. ನನ್ನನ್ನು ಕೇಳಿದರೆ ಅರ್ಧ ಜನಕ್ಕೆ ಎಲ್‌ಇಡಿಯ ಆಸೆ ಇಲ್ಲಿಗೇ ಮುಗಿಯಬೇಕು. ಅಂಗಡಿಯಲ್ಲಿ ಸಿಗುವ 100/90 ವ್ಯಾಟಿನ ಬಲ್ಬಿಗೆ ಮಾತ್ರ ಆಸೆಪಡಬೇಡಿ. ಅದರ ಬಿಸಿಗೆ ಹೋಲ್ಡರ್ ಕಂದಿ ಕರಗುತ್ತದೆ, ರಿಫ್ಲೆಕ್ಟರಿನ ಹೊಳಪು ಹೊಗೆ ಹಿಡಿದಂತಾಗುತ್ತದೆ.

ಡೂಮ್ ಚೆನ್ನಾಗಿಲ್ಲದಿದ್ದರೆ ಬಲ್ಬಿನಿಂದ ಪ್ರಯೋಜನವಿಲ್ಲ

ಟಾರ್ಚ್ ಹಿಡಿದು ಡೂಮಿನ ಒಳಗೆ ನೋಡಿ. ರಿಫ್ಲೆಕ್ಟರಿನ ಬೆಳ್ಳಿ ಬಣ್ಣ ಎದ್ದು ಹೋಗಿದ್ದರೆ, ಕಂದು ಕಲೆ ಬಿದ್ದಿದ್ದರೆ ಡೂಮ್ ಬದಲಿಸುವುದೇ ಸರಿ. ಪ್ಲಾಸ್ಟಿಕ್ ಗ್ಲಾಸ್ ಹಳದಿಯಾಗಿದ್ದರೆ 1000, ಆಮೇಲೆ 2000 ನಂಬರಿನ ನೀರಿನ ಉಜ್ಜುಕಾಗದ, ಕೊನೆಗೆ ಪಾಲಿಶ್. ಒಳಗೆ ನೀರು ನಿಂತಿದ್ದರೆ ಅದು ಬಂದ ದಾರಿ ಹುಡುಕಿ. ಸಾಮಾನ್ಯವಾಗಿ ಹಿಂದಿನ ರಬ್ಬರ್ ಮುಚ್ಚಳ ಹರಿದಿರುತ್ತದೆ, ಇಲ್ಲವೇ ಯಾರೋ ಬಲ್ಬ್ ಬದಲಿಸಿದವರು ಅದನ್ನು ಹಾಕುವ ಗೋಜಿಗೇ ಹೋಗಿರುವುದಿಲ್ಲ.

ಎಲ್‌ಇಡಿ ಆರಿಸುವಾಗ ಲ್ಯೂಮೆನ್ ನೋಡಬೇಡಿ

ಲ್ಯೂಮೆನ್ ಎಂದರೆ ಬಲ್ಬ್ ಕೊಡುವ ಒಟ್ಟು ಬೆಳಕಿನ ಅಳತೆ. ಡಬ್ಬಿಯ ಮೇಲೆ 20,000 ಲ್ಯೂಮೆನ್ ಎಂದು ಬರೆದಿದ್ದರೆ ಅದನ್ನು ಅಲ್ಲೇ ಇಟ್ಟು ಬನ್ನಿ. 12 ವೋಲ್ಟಿನ ಎಚ್4 ಹ್ಯಾಲೊಜನ್ ಕೊಡುವುದು ಡಿಮ್ಮಿನಲ್ಲಿ ಸುಮಾರು 1,000 ಲ್ಯೂಮೆನ್, ಬ್ರೈಟಿನಲ್ಲಿ 1,650ರ ಹತ್ತಿರ. ಇಡೀ ರಸ್ತೆ ಕಾಣಲು ಅಷ್ಟು ಸಾಕೆಂದು ಲೆಕ್ಕ ಹಾಕಿಯೇ ಡೂಮ್ ಮಾಡಿರುತ್ತಾರೆ. ಅದರ ಇಪ್ಪತ್ತು ಪಾಲು ಬೆಳಕು ಅಷ್ಟು ಸಣ್ಣ ಬಲ್ಬಿನಿಂದ ಬರುವುದಿಲ್ಲ, ಬಂದರೆ ಬಲ್ಬ್ ಉಳಿಯುವುದಿಲ್ಲ.

ನೋಡಬೇಕಾದದ್ದು ಎಲ್‌ಇಡಿಯಲ್ಲಿ ಬೆಳಕು ಕೊಡುವ ಚಿಪ್ ಎಲ್ಲಿದೆ ಎನ್ನುವುದನ್ನು. ಹಳೆಯ ಎಚ್4 ಬಲ್ಬನ್ನು ಪಕ್ಕದಲ್ಲಿ ಹಿಡಿದುಕೊಂಡು ನೋಡಿ. ಒಳಗೆ ಎರಡು ಸಣ್ಣ ಸುರುಳಿಗಳು, ಒಂದೊಂದೂ ಐದು ಮಿಲಿಮೀಟರ್ ಆಸುಪಾಸು ಉದ್ದ, ಗುಂಡುಸೂಜಿಗಿಂತ ತುಸು ದಪ್ಪ. ತುದಿಯ ಕಡೆಯದು ಡಿಮ್ಮಿನದ್ದು. ಅದರ ಕೆಳಗೆ ಲೋಹದ ಸಣ್ಣ ತೊಟ್ಟಿಲೊಂದು ಇದೆ ನೋಡಿ. ಎಲ್ಲ ಮರ್ಮ ಅದರಲ್ಲೇ. ಅದು ಬೆಳಕು ಕೆಳಗೆ ಹೋಗದಂತೆ ತಡೆದು ರಿಫ್ಲೆಕ್ಟರಿನ ಮೇಲರ್ಧಕ್ಕೆ ಮಾತ್ರ ಕಳಿಸುತ್ತದೆ. ಮೇಲರ್ಧಕ್ಕೆ ಬಿದ್ದದ್ದು ತಿರುಗಿ ಕೆಳಗೆ, ರಸ್ತೆಗೆ ಬೀಳುತ್ತದೆ. ಆ ಬೆಳಕಿಗೆ ಮೇಲೆ ಚೂಪಾದ ಒಂದು ಗೆರೆ ಇರುತ್ತದೆ, ಎಡಗಡೆ ಸ್ವಲ್ಪ ಏರಿರುತ್ತದೆ. ಎಡ ಅಂಚಿನಲ್ಲಿ ನಡೆದು ಹೋಗುವವರು ಕಾಣಬೇಕು, ಬಲದಿಂದ ಬರುವವರ ಕಣ್ಣಿಗೆ ಹೊಡೆಯಬಾರದು. ಎಡಬದಿಯಲ್ಲಿ ಗಾಡಿ ಓಡಿಸುವ ನಮ್ಮಂಥ ಕಡೆಯ ಲೆಕ್ಕ ಇದು.

ಎಲ್‌ಇಡಿ ಬಲ್ಬಿನಲ್ಲೂ ಡಿಮ್ಮಿನ ಚಿಪ್ ಕೆಳಗೆ ಅದೇ ಥರದ ತೊಟ್ಟಿಲಿರಬೇಕು. ಚಿಪ್ ಆ ಸುರುಳಿಯಷ್ಟೇ ಗಾತ್ರದ್ದಾಗಿ, ಬುಡದಿಂದ ಅಷ್ಟೇ ದೂರದಲ್ಲಿ ಇರಬೇಕು. ಎರಡು ಬದಿಯ ಚಿಪ್‌ಗಳ ನಡುವಿನ ಪಟ್ಟಿ ಆದಷ್ಟು ತೆಳುವಾಗಿರಬೇಕು. ಎರಡೂ ಬಲ್ಬನ್ನು ಮೇಜಿನ ಮೇಲೆ ಬುಡ ಸಮ ಮಾಡಿ ನಿಲ್ಲಿಸಿ ಸ್ಕೇಲ್ ಹಿಡಿದರೆ ಒಂದೇ ನಿಮಿಷದಲ್ಲಿ ಗೊತ್ತಾಗುತ್ತದೆ. ನಾಲ್ಕೂ ಸುತ್ತ ಚಿಪ್ ಅಂಟಿಸಿದ ಜೋಳದ ತೆನೆಯಂಥ ಬಲ್ಬುಗಳು ಎಚ್4 ಡೂಮಿಗೆ ಲಾಯಕ್ಕೇ ಅಲ್ಲ. ಅವು ಡಿಮ್ಮಿನಲ್ಲೂ ಬ್ರೈಟಿನ ಕೆಲಸ ಮಾಡುತ್ತವೆ.

ಬಣ್ಣದ ವಿಷಯಕ್ಕೆ ಬಂದರೆ, ಬೆಳಕಿನ ಬಣ್ಣ ಅಳೆಯುವ ಲೆಕ್ಕದಲ್ಲಿ ಹ್ಯಾಲೊಜನ್ ಸುಮಾರು 3,200 ಕೆಲ್ವಿನ್. ಹಳದಿ ಮಿಶ್ರಿತ ಬಿಳಿ. ಅಂಗಡಿಯಲ್ಲಿ ಹೆಚ್ಚು ಮಾರಾಟವಾಗುವ ಎಲ್‌ಇಡಿ 6,000ದಿಂದ 6,500. ನೀಲಿ ಛಾಯೆಯ ಬಿಳಿ. ಮಾಮೂಲಿ ಒಣ ರಸ್ತೆಯಲ್ಲಿ ಎರಡನೆಯದೇ ಚೆಂದ ಕಾಣುತ್ತದೆ. ಆದರೆ ಸಂಪಾಜೆ ಘಾಟಿ ಹತ್ತಿ ಮಡಿಕೇರಿಗೆ ಹೋಗುವವರು ಮಂಜಿನಲ್ಲಿ, ಭರ್ಜರಿ ಮಳೆಯಲ್ಲಿ ಬಿಳಿ ಪರದೆಯನ್ನೇ ಎದುರಿಟ್ಟುಕೊಂಡು ಓಡಿಸಬೇಕಾಗುತ್ತದೆ. 4,300ರ ಆಸುಪಾಸು ಸಿಕ್ಕಿದರೆ ಅದನ್ನೇ ಆರಿಸಿ. ಎದುರಿಗೆ ಬರುವ ಸ್ಕೂಟರಿನವರಿಗೂ, ಮುಖ್ಯವಾಗಿ ವಯಸ್ಸಾದವರಿಗೆ, ಅದು ಕಡಿಮೆ ಚುಚ್ಚುತ್ತದೆ.

ವೋಲ್ಟೇಜ್ 9ರಿಂದ 32ರವರೆಗೆ ಎಂದು ಬರೆದಿದ್ದರೆ ಎರಡೂ ಥರದ ಗಾಡಿಗೆ ಆಗುತ್ತದೆ. 12ರಿಂದ 24 ಎಂದಷ್ಟೇ ಇದ್ದದ್ದನ್ನು 28 ವೋಲ್ಟ್ ಹರಿಯುವ ಲಾರಿಗೆ ಹಾಕಬೇಡಿ. ಹಿಂದಿನ ಫ್ಯಾನ್ ಅಥವಾ ಹೀಟ್‌ಸಿಂಕಿಗೆ (ಬಿಸಿ ಹೊರಹಾಕುವ ಲೋಹದ ಭಾಗ) ಡೂಮಿನ ಹಿಂದೆ ಜಾಗ ಉಂಟೇ, ರಬ್ಬರ್ ಮುಚ್ಚಳ ಮತ್ತೆ ಕೂರುತ್ತದೆಯೇ ಎಂದು ಕೊಳ್ಳುವ ಮೊದಲೇ ಅಳೆಯಿರಿ.

ಗೋಡೆಯ ಮೇಲೆ ಗುರುತು, ಹಳೆ ಬಲ್ಬ್ ಇರುವಾಗಲೇ

ಇದನ್ನು ಬಿಟ್ಟರೆ ಮುಂದೆ ಮಾಡುವುದೆಲ್ಲ ಕುರುಡು ಲೆಕ್ಕ.

ಗುಡ್ಡದ ಊರಿನಲ್ಲಿ ಸಮತಟ್ಟು ಜಾಗ ಸಿಗುವುದೇ ಕಷ್ಟ. ಗೋಡೌನಿನ ಅಂಗಳ, ಮೈದಾನದ ಪಕ್ಕದ ಗೋಡೆ, ಯಾವುದಾದರೂ ಆದೀತು. ಯಜಮಾನರಲ್ಲಿ ಒಂದು ಮಾತು ಕೇಳಿಕೊಳ್ಳಿ. ನೀರು ಹೊಯ್ದು ನೋಡಿ, ಯಾವ ಕಡೆಗೂ ಓಡದೆ ನಿಂತರೆ ಜಾಗ ಸರಿ. ಟಯರಿನ ಗಾಳಿ ಸರಿಮಾಡಿ, ಒಬ್ಬರು ಡ್ರೈವರ್ ಸೀಟಿನಲ್ಲಿ ಕೂತುಕೊಳ್ಳಿ. ಗಾಡಿಯನ್ನು ಮೊದಲು ಗೋಡೆಗೆ ತಾಗುವಷ್ಟು ಹತ್ತಿರ ತಂದು ಎರಡೂ ಬಲ್ಬಿನ ನಡುಮಧ್ಯಕ್ಕೆ ಗೋಡೆಯಲ್ಲಿ ಟೇಪಿನಿಂದ ಕೂಡಿಸುವ ಚಿಹ್ನೆ ಹಾಕಿ. ಆಮೇಲೆ ನೇರ ಹಿಂದಕ್ಕೆ, 10 ಮೀಟರ್.

ಡಿಮ್ ಹಾಕಿದಾಗ ಬೆಳಕಿನ ಮೇಲ್ಗೆರೆ ಆ ಚಿಹ್ನೆಗಿಂತ 10 ಸೆಂಟಿಮೀಟರ್ ಕೆಳಗೆ ಬೀಳಬೇಕು. ಬಲ್ಬು ನೆಲದಿಂದ ಒಂದು ಮೀಟರಿಗಿಂತ ಎತ್ತರದಲ್ಲಿರುವ ದೊಡ್ಡ ಲಾರಿಯಾದರೆ 15ರಿಂದ 20. ಬಲ್ಬ್ 90 ಸೆಂಟಿಮೀಟರ್ ಎತ್ತರದಲ್ಲಿದ್ದು, ಹತ್ತು ಮೀಟರಿಗೆ 10 ಸೆಂಟಿಮೀಟರ್ ಇಳಿಯುವ ಬೆಳಕು 90 ಮೀಟರ್ ದೂರದಲ್ಲಿ ರಸ್ತೆ ಮುಟ್ಟುತ್ತದೆ. ಅದನ್ನೇ 15ಕ್ಕೆ ಇಳಿಸಿದರೆ 60 ಮೀಟರಿನಲ್ಲೇ ಮುಗಿಯಿತು. ಗಂಟೆಗೆ 60 ಕಿಲೋಮೀಟರ್ ಓಡುವ ಗಾಡಿ 60 ಮೀಟರ್ ದಾಟುವುದು ಮೂರೂವರೆ ಸೆಕೆಂಡಿನಲ್ಲಿ. ಸ್ಕ್ರೂವಿನ ಒಂದೆರಡು ಸುತ್ತಿಗೆ ಇಷ್ಟು ವ್ಯತ್ಯಾಸ.

ಲೋಡಿನ ವಿಷಯ ಇದಕ್ಕಿಂತ ದೊಡ್ಡದು. ಮುಂದಿನ ಮತ್ತು ಹಿಂದಿನ ಚಕ್ರದ ನಡುವೆ 4 ಮೀಟರ್ ಇರುವ ಗಾಡಿಯ ಹಿಂಬದಿ ಕಲ್ಲಿನ ಭಾರಕ್ಕೆ 7 ಸೆಂಟಿಮೀಟರ್ ಕುಸಿದರೆ ಮೂತಿ ಒಂದು ಡಿಗ್ರಿ ಮೇಲೇಳುತ್ತದೆ. ಹತ್ತು ಮೀಟರಿನಲ್ಲಿ ಒಂದು ಡಿಗ್ರಿ ಎಂದರೆ 17 ಸೆಂಟಿಮೀಟರ್. ನೀವು ಕಷ್ಟಪಟ್ಟು ಇಳಿಸಿದ 10 ಸೆಂಟಿಮೀಟರ್ ಹೋಗಿ, ಬೆಳಕು 7 ಸೆಂಟಿಮೀಟರ್ ಮೇಲಕ್ಕೇ ಹೊಡೆಯುತ್ತದೆ. ಖಾಲಿ ಗಾಡಿಯಲ್ಲಿ ಲೈಟ್ ಸರಿಮಾಡಿಸಿಕೊಂಡು, ರಾತ್ರಿ ಲೋಡ್ ಹೇರಿಕೊಂಡು ಹೋದವನಿಗೆ ಎದುರಿನವರೆಲ್ಲ ಯಾಕೆ ಲೈಟ್ ಹೊಡೆದು ಬೈಯುತ್ತಾರೆಂದು ಅರ್ಥವೇ ಆಗುವುದಿಲ್ಲ. ಡ್ಯಾಶಿನಲ್ಲಿ ಲೈಟ್ ಏರಿಳಿಸುವ ಗುಂಡಿ ಇದ್ದರೆ ಅದನ್ನು 0ಗೆ ಇಟ್ಟು ಖಾಲಿಯಲ್ಲಿ ಹೊಂದಿಸಿ, ಲೋಡಿಗೆ ತಕ್ಕಂತೆ ತಿರುಗಿಸಿಕೊಳ್ಳಿ. ಇಲ್ಲದಿದ್ದರೆ ದಿನಾ ಹೇರುವ ಲೋಡ್ ಇಟ್ಟುಕೊಂಡೇ ಗೋಡೆಯ ಮುಂದೆ ನಿಲ್ಲಿಸಿ.

ಹೊಂದಿಸುವ ಸ್ಕ್ರೂ ಎರಡಿರುತ್ತವೆ, ಮೇಲೆ-ಕೆಳಗೆ ಒಂದು, ಎಡ-ಬಲ ಒಂದು. ನಮ್ಮ ಹವೆಗೆ ಅವು ತುಕ್ಕು ಹಿಡಿದೇ ಇರುತ್ತವೆ. ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಅರ್ಧ ಗಂಟೆ ಬಿಡಿ. ಅವಸರದಲ್ಲಿ ಒತ್ತಿ ತಿರುಗಿಸಿದರೆ ಪ್ಲಾಸ್ಟಿಕ್ ಗೂಟ ಮುರಿದು ಕೈಗೆ ಬರುತ್ತದೆ.

ಹ್ಯಾಲೊಜನ್ನಿನಲ್ಲಿ ಎಲ್ಲ ಸರಿಯಾದ ಮೇಲೆ ಆ ಮೇಲ್ಗೆರೆಯನ್ನು, ಎಡಕ್ಕೆ ಏರಿದ ಭಾಗವನ್ನೂ ಸೇರಿಸಿ, ಗೋಡೆಯಲ್ಲಿ ಟೇಪಿನಿಂದ ಮೂಡಿಸಿ. ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಡಿ.

ಹಾಕುವುದು

ಗಾಡಿ ಕದಲಿಸಬೇಡಿ. ಬ್ಯಾಟರಿಯ ಮೈನಸ್ ಬಿಚ್ಚಿ, ಬಲ್ಬ್ ತಣಿಯಲಿ. ರಬ್ಬರ್ ಮುಚ್ಚಳ ಸರಿಸಿ, ಸ್ಪ್ರಿಂಗ್ ಕ್ಲಿಪ್ ಒತ್ತಿ ತೆಗೆದು, ಒಂದು ಕಡೆಯ ಹಳೆ ಬಲ್ಬನ್ನು ಮಾತ್ರ ಹೊರತೆಗೆಯಿರಿ. ಎಲ್‌ಇಡಿಯ ಕಾಲರ್ (ಬಲ್ಬನ್ನು ಹಿಡಿಯುವ ಬಳೆ) ಬೇರೆಯಾಗಿ ಬರುವಂಥದ್ದಾದರೆ ಮೊದಲು ಕಾಲರನ್ನು ಡೂಮಿನಲ್ಲಿ ಕೂರಿಸಿ ಕ್ಲಿಪ್ ಹಾಕಿ. ಅದರ ಮೂರು ಕಿವಿಗಳು ಒಂದೇ ರೀತಿಯಲ್ಲಿ ಕೂರುತ್ತವೆ. ಆಮೇಲೆ ಬಲ್ಬನ್ನು ತೂರಿಸಿ ತಿರುಗಿಸಿ. ಚಿಪ್‌ಗಳು ನೇರ ಎಡಕ್ಕೂ ಬಲಕ್ಕೂ ನೋಡಬೇಕು, ಗಡಿಯಾರದ ಮೂರು ಮತ್ತು ಒಂಬತ್ತರ ಕಡೆಗೆ. ಡಿಮ್ಮಿನ ತೊಟ್ಟಿಲು ಕೆಳಗಿರಬೇಕು.

ಬ್ಯಾಟರಿ ಸಿಕ್ಕಿಸಿ ಲೈಟ್ ಹಾಕಿ. ಎಲ್‌ಇಡಿ ಹೊತ್ತದಿದ್ದರೆ ಗಾಬರಿ ಬೇಡ. ಕೆಲವು ಗಾಡಿಗಳಲ್ಲಿ ಕಾಮನ್ ಪಿನ್ನಿಗೆ ಆರ್ಥಿನ ಬದಲು ಪ್ಲಸ್ ಬರುತ್ತದೆ, ಸ್ವಿಚ್ಚು ಆರ್ಥ್ ಕಡೆ ಇರುತ್ತದೆ. ಹ್ಯಾಲೊಜನ್ನಿಗೆ ಅದರಿಂದ ವ್ಯತ್ಯಾಸವಿಲ್ಲ, ಎಲ್‌ಇಡಿಗೆ ಉಂಟು. ಮೀಟರ್ ಹಿಡಿದು ಖಚಿತ ಮಾಡಿಕೊಂಡು, ಅದಕ್ಕೆಂದೇ ಸಿಗುವ ಬಲ್ಬ್ ತರಿಸಿ.

ಈಗ ಒಂದು ಕಡೆ ಎಲ್‌ಇಡಿ, ಇನ್ನೊಂದು ಕಡೆ ಹ್ಯಾಲೊಜನ್. ಒಂದೊಂದನ್ನೇ ಗೋಣಿ ಮುಚ್ಚಿ ಗೋಡೆ ನೋಡಿ. ಎಲ್‌ಇಡಿಯ ಮೇಲ್ಗೆರೆ ಟೇಪಿನ ಗೆರೆಯ ಮೇಲೇ ಕೂತರೆ, ಅದರ ಮೇಲ್ಗಡೆ ಕತ್ತಲಿದ್ದರೆ, ಆ ಬಲ್ಬ್ ನಿಮ್ಮ ಡೂಮಿಗೆ ಹೊಂದಿತು. ಗೆರೆ ಅಲ್ಲೇ ಇದ್ದರೂ ಮೇಲ್ಗಡೆ ಮಸುಕು ಬೆಳಕು ಚೆಲ್ಲಿದ್ದರೆ ಕಾಲರಿನಲ್ಲಿ ಬಲ್ಬನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ ನೋಡಿ. ಆಗಲೂ ಚೆಲ್ಲಿದರೆ ಆ ಬಲ್ಬನ್ನು ಅಂಗಡಿಗೆ ವಾಪಸ್ ಕೊಡಿ. ಡೂಮಿನ ಸ್ಕ್ರೂ ಇಳಿಸಿ ಆ ಚೆಲ್ಲಾಟವನ್ನು ಮುಚ್ಚಲು ಹೋಗುವವರಿದ್ದಾರೆ. ಹಾಗೆ ಮಾಡಿದರೆ ಗಾಡಿಯ ಮೂತಿಯ ಮುಂದೆ ಹಾಲು ಚೆಲ್ಲಿದಷ್ಟು ಬಿಳಿ, ಆಚೆಗೆ ಏನೂ ಇಲ್ಲ. ಹತ್ತಿರದ ಬೆಳಕಿಗೆ ಕಣ್ಣು ಒಗ್ಗಿ ದೂರದ್ದು ಇನ್ನಷ್ಟು ಕಪ್ಪಾಗುತ್ತದೆ.

ಎರಡೂ ಕಡೆ ಹಾಕಿದ ಮೇಲೆ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 106ನೇ ನಿಯಮದ ಅಳತೆಯನ್ನೇ ಪರೀಕ್ಷೆಗೆ ಇಟ್ಟುಕೊಳ್ಳಿ. ಲೈಟಿನಿಂದ 8 ಮೀಟರ್ ಮುಂದೆ, ಗಾಡಿಯ ಬಲ ಅಂಚಿನಿಂದ ಅರ್ಧ ಮೀಟರ್ ಆಚೆಗೆ, ಕಣ್ಣು ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಬರುವಂತೆ ನಿಲ್ಲಿ. ಅಲ್ಲಿ ನಿಂತವರ ಕಣ್ಣು ಕೋರೈಸಬಾರದು. ಕ್ಲೀನರನ್ನು ನಿಲ್ಲಿಸಿ “ಹೇಗುಂಟು?” ಎಂದು ಕೇಳಬೇಡಿ, “ಅಡ್ಡಿಯಿಲ್ಲಣ್ಣ” ಎಂದೇ ಹೇಳುತ್ತಾನೆ. ನೀವೇ ಇಳಿದು ನಿಲ್ಲಿ.

ಆಮೇಲೆ ಬರುವ ತರಲೆಗಳು

ರೇಡಿಯೋದಲ್ಲಿ ಮಂಗಳೂರು ಆಕಾಶವಾಣಿ ಬರುತ್ತಿದ್ದ ಜಾಗದಲ್ಲಿ ಬರೀ ಜುಯ್ ಎನ್ನುವ ಸದ್ದು ಬಂದರೆ ಅದು ಬಲ್ಬಿನ ಡ್ರೈವರ್ ಸರ್ಕಿಟಿನ ಕಿತಾಪತಿ. ಅಗ್ಗದ್ದರಲ್ಲಿ ಇದು ಮಾಮೂಲು. ಬಿಎಸ್6 ಗಾಡಿಗಳಲ್ಲಿ ಲೈಟ್ ಮಿಣುಕಬಹುದು, ಬಲ್ಬ್ ಹೋಗಿದೆ ಎಂದು ಡ್ಯಾಶಿನ ಮೀಟರಿನಲ್ಲಿ ಎಚ್ಚರಿಕೆ ಬರಬಹುದು. ಎಲ್‌ಇಡಿ ಎಳೆಯುವ ಕರೆಂಟ್ ಕಡಿಮೆಯಾದ್ದರಿಂದ ಕಂಟ್ರೋಲ್ ಯೂನಿಟ್ಟಿಗೆ ಬಲ್ಬ್ ಇಲ್ಲವೆಂದೇ ಅನಿಸುತ್ತದೆ. ಅದಕ್ಕೆ ಡಿಕೋಡರ್ ಎಂದು ಸಿಗುತ್ತದೆ. ಅದು ಬಿಸಿಯಾಗುವ ವಸ್ತು, ವಯರ್ ಕಟ್ಟಿನ ಮೇಲೆ ಅಂಟಿಸದೆ ಲೋಹದ ತಗಡಿಗೆ ಬಿಗಿಯಿರಿ.

ಹ್ಯಾಲೊಜನ್ನಿನ ಬಿಸಿಗೆ ಗ್ಲಾಸಿನ ಮೇಲಿನ ಇಬ್ಬನಿ, ತೇವ ತಾನಾಗಿ ಆರುತ್ತಿತ್ತು. ಎಲ್‌ಇಡಿಯ ಬಿಸಿ ಮುಂದಕ್ಕೆ ಬರುವುದಿಲ್ಲ, ಹಿಂದೆ ಹೀಟ್‌ಸಿಂಕಿಗೆ ಹೋಗುತ್ತದೆ. ಕಲ್ಲುಕೋರೆಯಿಂದ ಹೊರಬಂದ ಟಿಪ್ಪರಿನ ಗ್ಲಾಸಿಗೆ ಹಾರಿದ ಕೆಂಪು ಕೆಸರು ಹಾಗೇ ಕೂತು ಬೆಳಕನ್ನೂ ಕೆಂಪಾಗಿಸುತ್ತದೆ. ಡಾಂಬರು ರಸ್ತೆ ಸೇರುವ ಮೊದಲು ಒದ್ದೆ ಬಟ್ಟೆಯಲ್ಲಿ ಒರೆಸಿ. ರಬ್ಬರ್ ಮುಚ್ಚಳ ಕೂರದೆ ಬಿಟ್ಟರೆ ಅದೇ ಕೆಸರಿನ ಧೂಳು ಫ್ಯಾನಿಗೆ ಹೋಗಿ ಅದು ನಿಲ್ಲುತ್ತದೆ, ಫ್ಯಾನ್ ನಿಂತ ಎಲ್‌ಇಡಿ ಬಹಳ ದಿನ ಬಾಳುವುದಿಲ್ಲ.

ತೆಗೆದ ಹ್ಯಾಲೊಜನ್ ಜೋಡಿಯನ್ನು ಕಾಗದದಲ್ಲಿ ಸುತ್ತಿ ಡ್ಯಾಶ್ ಪೆಟ್ಟಿಗೆಯಲ್ಲಿಡಿ. ರಾತ್ರಿ ಪೆರ್ಲದಾಚೆ ಎಲ್‌ಇಡಿ ಕೈಕೊಟ್ಟರೆ ಅಲ್ಲಿ ಬೇರೆ ಎಲ್‌ಇಡಿ ಸಿಗುವುದಿಲ್ಲ, ಇದನ್ನು ಐದು ನಿಮಿಷದಲ್ಲಿ ಹಾಕಿಕೊಳ್ಳಬಹುದು. ಒಂದು ವಾರ ಲೋಡಿನಲ್ಲಿ ಓಡಿಸಿದ ಮೇಲೆ ಮತ್ತೆ ಅದೇ ಗೋಡೆಯ ಮುಂದೆ ಗಾಡಿ ನಿಲ್ಲಿಸಿ ನೋಡಿ. ಹೊಂಡದ ಕುಲುಕಾಟಕ್ಕೆ ಕಾಲರಿನಲ್ಲಿ ಬಲ್ಬ್ ತಿರುಗಿರುವುದು, ಸ್ಕ್ರೂ ಸಡಿಲವಾಗಿರುವುದು ಉಂಟು. ಟೇಪ್ ಉದುರಿಹೋಗಿದ್ದರೆ ಮೊಬೈಲಿನ ಫೋಟೋ ನೋಡಿ ಗೆರೆ ಹೊಂದಿಸಿಕೊಳ್ಳಬಹುದು.